ಹೊಟ್ಟೆ ಬಾಗಿಲು ಹಾಕಿಕೊಂಡಾಗ

ನನ್ನ ಅರೆತಲೆನೋವಿಗೂ ಅಡಿಕೆ ಸುಗ್ಗಿಗೂ ಹಳೆಯ ನಂಟು. ತೀರ್ಥಹಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿದೆ ನಮ್ಮ ಮನೆ. ಅಡಿಕೆ ಗೊನೆಗಳ ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಸದ್ದು, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ, ಸುಲಿಯುವವರಿಗೆ ಎರಡೆರಡು ಸಲ ಚಹಾ. ಆ ಗಡಿಬಿಡಿಯಲ್ಲಿ ನನ್ನ ಊಟ ಒಂದು ಹೊತ್ತು ತಪ್ಪಿದರೆ ಮುಗಿಯಿತು. ಎಡಗಣ್ಣಿನ ಹಿಂದೆ ನಾಡಿ ಬಡಿಯತೊಡಗುತ್ತದೆ, ಅರ್ಧ ಗಂಟೆಯಲ್ಲಿ ಅಂಗಳದ ಬಲ್ಬಿನ ಬೆಳಕೂ ಬೇಡವೆನಿಸುತ್ತದೆ, ಆಮೇಲೆ ವಾಂತಿ.

ಎಂಟು ವರ್ಷ ಅಮೃತಾಂಜನ, ಶುಂಠಿ ಕಷಾಯ, ಪ್ಯಾರಾಸಿಟಮಾಲ್‌ಗಳಲ್ಲೇ ಕಳೆದೆ. ಕೊನೆಗೆ ನಮ್ಮವರು ಶಿವಮೊಗ್ಗದ ನರರೋಗ ತಜ್ಞರ ಬಳಿ ಕರೆದುಕೊಂಡು ಹೋದರು. ಅವರು ಮೊದಲು ಬಿಪಿ ನೋಡಿದರು, ಇಸಿಜಿ ಮಾಡಿಸಿದರು. ತಲೆನೋವಿಗೆ ಎದೆಯ ಪರೀಕ್ಷೆ ಏಕೆಂದು ಕೇಳಿದ್ದಕ್ಕೆ, ಟ್ರಿಪ್ಟಾನ್ ಗುಂಪಿನ ಔಷಧಿಗಳು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಹೃದ್ರೋಗವಿರುವವರಿಗೆ, ಪಾರ್ಶ್ವವಾಯು ಆಗಿದ್ದವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ ಅವನ್ನು ಕೊಡುವಂತಿಲ್ಲ ಎಂದರು. ನನಗೆ ಅಂಥದ್ದೇನೂ ಇರಲಿಲ್ಲ. ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು.

ಮೊದಲ ಎರಡು ಸಲ ಅದು ಪವಾಡದಂತೆ ಕೆಲಸ ಮಾಡಿತು. ಒಂದು ಗಂಟೆಯೊಳಗೆ ಎದ್ದು ಅನ್ನಕ್ಕೆ ಎಸರಿಟ್ಟೆ. ಕುತ್ತಿಗೆ, ಎದೆ ಸ್ವಲ್ಪ ಬಿಗಿದಂತಾಗಿ ಹೆದರಿದ್ದೆ. ಅದು ಈ ಔಷಧಿಯಿಂದ ಆಗಬಹುದೆಂದು ಮೊದಲೇ ಹೇಳಿದ್ದರು, ಬಿಗಿತ ಜೋರಾದರೆ ಅಥವಾ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಬರಬೇಕು ಎಂದೂ ಹೇಳಿದ್ದರು. ಮೂರನೆಯ ಸಲ ನೋವು ಬಂದದ್ದು ಬೆಳಗಿನ ಜಾವ ನಾಲ್ಕಕ್ಕೆ. ನಿದ್ದೆಯಿಂದ ಎಚ್ಚರವಾಗುವಷ್ಟರಲ್ಲಿ ನೋವು ಏರಿಯಾಗಿತ್ತು. ಮಾತ್ರೆ ನುಂಗಿದೆ, ಹತ್ತು ನಿಮಿಷಕ್ಕೆ ವಾಂತಿಯಾಯಿತು. ಮಾತ್ರೆ ಒಳಗೆ ಉಳಿಯಿತೋ ಹೊರಗೆ ಹೋಯಿತೋ? ಇನ್ನೊಂದು ನುಂಗಬಹುದೋ ಬಾರದೋ? ಕತ್ತಲೆಯಲ್ಲಿ ಬಚ್ಚಲ ಗೋಡೆಗೆ ಒರಗಿ ಕುಳಿತು ಅದನ್ನೇ ಯೋಚಿಸುತ್ತಿದ್ದೆ.

ಮುಂದಿನ ಭೇಟಿಯಲ್ಲಿ ಬಾಯಿಯಲ್ಲಿ ಕರಗುವ ರೈಜಾಟ್ರಿಪ್ಟಾನ್ ಬಂತು. ಅಷ್ಟರಲ್ಲಿ ನೋವು ಬಾರದಂತೆ ದಿನವೂ ಪ್ರೊಪ್ರನಲಾಲ್ ತೆಗೆದುಕೊಳ್ಳುತ್ತಿದ್ದೆ. ಅದು ರಕ್ತದಲ್ಲಿ ರೈಜಾಟ್ರಿಪ್ಟಾನ್ ಪ್ರಮಾಣವನ್ನು ಏರಿಸುವುದರಿಂದ ನನಗೆ 5 ಮಿಲಿಗ್ರಾಂನದೇ ಕೊಟ್ಟರು. ಸುಗ್ಗಿಗೆ ಬಂದಿದ್ದ ನಾದಿನಿ, “ಅತ್ತಿಗೆ, ನನ್ನ ಹತ್ತಿರವೂ ಅದೇ ಮಾತ್ರೆ ಇದೆ, ತೆಗೆದುಕೊಳ್ಳಿ” ಎಂದು ಪ್ರೀತಿಯಿಂದಲೇ ಕೊಡಲು ಬಂದಳು. ಅವಳದು 10 ಮಿಲಿಗ್ರಾಂ. ಬೇಡವೆಂದದ್ದಕ್ಕೆ ಸ್ವಲ್ಪ ಮುನಿಸಿಕೊಂಡಳು.

ಈ ಮಾತ್ರೆಯ ವಿಷಯದಲ್ಲಿ ನಾನು ಎರಡು ಪೆದ್ದುತನ ಮಾಡಿದೆ. ಒಂದು, ಕೈಗೆ ಬೇಗ ಸಿಗಲೆಂದು ಪಟ್ಟಿಯಿಂದ ಬಿಡಿಸಿ ಕುಂಕುಮದ ಭರಣಿಯಲ್ಲಿ ಹಾಕಿಟ್ಟೆ. ಆಷಾಢದ ಮಳೆಗೆ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ತೇವ ತಾಗಿದರೆ ಕರಗಲೆಂದೇ ಮಾಡಿದ ಮಾತ್ರೆ ಉಳಿಯುತ್ತದೆಯೇ? ಭರಣಿಯ ತಳದಲ್ಲಿ ಹಿಟ್ಟಿನ ಮುದ್ದೆ ಸಿಕ್ಕಿತು. ಈಗ ಪಟ್ಟಿಯಲ್ಲೇ ಇಟ್ಟು, ಬೇಕಾದಾಗ ಒಣಗಿದ ಕೈಯಿಂದ ಬಿಡಿಸುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆಯದು. ನಾಲಿಗೆಯ ಮೇಲೆ ಕರಗಿದ್ದು ಅಲ್ಲಿಂದಲೇ ನೇರ ರಕ್ತಕ್ಕೆ ಇಳಿಯುತ್ತದೆ ಎಂದುಕೊಂಡಿದ್ದೆ. ಹಾಗಿಲ್ಲವಂತೆ. ಉಗುಳಿನೊಂದಿಗೆ ಹೊಟ್ಟೆಗೆ ಹೋಗಿ ಕರುಳಿನಿಂದಲೇ ಅದು ರಕ್ತ ಸೇರಬೇಕು. ನೀರು ಬೇಡ ಎಂಬುದಷ್ಟೇ ಅದರ ಅನುಕೂಲ. ಅದೂ ಸಣ್ಣದಲ್ಲ. ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಮಂಡಗದ್ದೆಯ ತಿರುವುಗಳಲ್ಲಿ ನೋವಿನ ಸುಳಿವು ಸಿಕ್ಕಾಗ, ಬಾಟಲಿ ಖಾಲಿಯಾಗಿದ್ದರೂ ಮಾತ್ರೆ ಬಾಯಿಗಿಟ್ಟು, ಗಾಜನೂರು ದಾಟುವ ಹೊತ್ತಿಗೆ ಹಗುರಾದದ್ದಿದೆ. ಆದರೆ ಮೈಗ್ರೇನ್ ಏರಿದಾಗ ಹೊಟ್ಟೆಯ ಚಲನೆಯೇ ನಿಧಾನವಾಗುತ್ತದೆ. ಒಳಗೆ ಬಾಗಿಲು ಹಾಕಿಕೊಂಡಿರುವಾಗ ಯಾವ ಮಾತ್ರೆಯಾದರೂ ಹೊರಗೇ ಕಾಯಬೇಕು. ನನ್ನ ಬೆಳಗಿನ ಜಾವದ ನೋವಿಗೆ ಎರಡೂ ಮಾತ್ರೆಗಳು ಸೋತದ್ದು ಇದಕ್ಕೇ. ನಾನು ಇಷ್ಟು ದಿನ ಔಷಧಿಯ ಹೆಸರು ಬದಲಿಸುತ್ತಿದ್ದೆ, ಬದಲಿಸಬೇಕಾಗಿದ್ದದ್ದು ದಾರಿಯನ್ನು.

ಹೊಟ್ಟೆಯನ್ನು ಬಿಟ್ಟು ಹೋಗುವ ದಾರಿಗಳಲ್ಲಿ ನನ್ನ ಮುಂದಿದ್ದದ್ದು ಎರಡು. ಚರ್ಮದ ಕೆಳಗೆ ಕೊಡುವ ಸುಮಾಟ್ರಿಪ್ಟಾನ್ 6 ಮಿಲಿಗ್ರಾಂ ಚುಚ್ಚುಮದ್ದು ಎಲ್ಲಕ್ಕಿಂತ ಚುರುಕು, ಹತ್ತು ಹದಿನೈದು ನಿಮಿಷದಲ್ಲಿ ಪರಿಣಾಮ ಶುರುವಾಗುತ್ತದೆ. ಕೈ ನಡುಗುವ ಆ ಹೊತ್ತಿನಲ್ಲಿ ನನಗೆ ನಾನೇ ಚುಚ್ಚಿಕೊಳ್ಳಲಾರೆ, ನಮ್ಮವರು ಸೂಜಿ ಕಂಡರೆ ಬೆವರುವವರು. ಹಾಗಾಗಿ ಉಳಿದದ್ದು ಜೋಲ್ಮಿಟ್ರಿಪ್ಟಾನ್ 5 ಮಿಲಿಗ್ರಾಂನ ಮೂಗಿನ ಸ್ಪ್ರೇ.

ಮೊದಲ ಸ್ಪ್ರೇ ಗಾಳಿಯ ಪಾಲಾಯಿತು. ನನಗೆ ಕೊಟ್ಟದ್ದು ಒಂದೇ ಡೋಸಿನದು, ಸರಿಯಾಗಿ ಬರುತ್ತದೆಯೇ ಎಂದು ಒತ್ತಿ ನೋಡಿದ್ದಕ್ಕೆ ಇದ್ದದ್ದೆಲ್ಲ ಹೋಯಿತು. ಮಾತ್ರೆಗಿಂತ ಎಷ್ಟೋ ಪಟ್ಟು ದುಬಾರಿಯಾದ್ದರಿಂದ ಆ ದಿನ ತಲೆಯ ಜೊತೆ ಹೊಟ್ಟೆಯೂ ಉರಿಯಿತು. ಎರಡನೆಯದನ್ನು ತಲೆ ಹಿಂದಕ್ಕೆ ವಾಲಿಸಿ ಜೋರಾಗಿ ಎಳೆದುಕೊಂಡೆ. ಅದು ಗಂಟಲಿಗೆ ಇಳಿಯಿತು. ಕಿರಾತಕಡ್ಡಿ ಕಷಾಯ ಕುಡಿದು ಬೆಳೆದ ನನಗೇ ಆ ಕಹಿ ತಡೆಯಲಾಗಲಿಲ್ಲ. ಈಗ ಮೊದಲು ಮೂಗು ಸೀಟಿ, ತಲೆ ನೆಟ್ಟಗಿಟ್ಟು, ಒಂದು ಹೊಳ್ಳೆ ಮುಚ್ಚಿ, ಇನ್ನೊಂದಕ್ಕೆ ಒತ್ತುತ್ತಾ ಮೆಲ್ಲನೆ ಉಸಿರೆಳೆಯುತ್ತೇನೆ. ಕಹಿ ಇದ್ದೇ ಇದೆ, ಕಾಲು ಗಂಟೆಯಲ್ಲಿ ನೋವಿನ ಅಂಚು ಮೊಂಡಾಗುವುದೂ ಇದೆ.

ಹಗಲು ನಿಧಾನವಾಗಿ ಏರುವ ನೋವಿಗೆ ಸುಳಿವು ಸಿಕ್ಕಾಗಲೇ ಕರಗುವ ಮಾತ್ರೆ, ಎಬ್ಬಿಸಿ ವಾಂತಿ ಮಾಡಿಸುವ ನೋವಿಗೆ ಸ್ಪ್ರೇ. ಡಾಕ್ಟರು ನನಗೆ ಒಪ್ಪಿಸಿದ ಏರ್ಪಾಡು ಇದು. ಮಾತ್ರೆ ತೆಗೆದುಕೊಂಡ ಮೇಲೆ ಇಪ್ಪತ್ತನಾಲ್ಕು ಗಂಟೆಯೊಳಗೆ ಸ್ಪ್ರೇ ಮುಟ್ಟುವಂತಿಲ್ಲ, ಸ್ಪ್ರೇ ನಂತರ ಮಾತ್ರೆಯೂ ಇಲ್ಲ. ಎರಡೂ ಟ್ರಿಪ್ಟಾನ್‌ಗಳೇ. ಹಾಗಾಗಿ ಸಂಜೆಯ ನೋವಿಗೆ ಯಾವುದನ್ನು ಆರಿಸುತ್ತೇನೆಂಬುದು ರಾತ್ರಿಯನ್ನೂ ನಿರ್ಧರಿಸುತ್ತದೆ, ಆ ಲೆಕ್ಕ ಈಗಲೂ ಕೆಲವೊಮ್ಮೆ ತಪ್ಪುತ್ತದೆ.

ತಿಂಗಳಿಗೆ ಹತ್ತು ದಿನ ಅಥವಾ ಅದಕ್ಕಿಂತ ಹೆಚ್ಚು ಟ್ರಿಪ್ಟಾನ್ ತೆಗೆದುಕೊಳ್ಳುತ್ತಾ ಹೋದರೆ ಔಷಧಿಯೇ ತಲೆನೋವು ತರುತ್ತದೆ ಎಂದು ಎಚ್ಚರಿಸಿದ್ದರು. ಅದಕ್ಕೇ ತೆಗೆದುಕೊಂಡ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಗುರುತಿಸುತ್ತೇನೆ. ಕಳೆದ ಭೇಟಿಗೆ ಆ ಹಾಳೆಯ ಫೋಟೋ ಒಯ್ದಿದ್ದೆ. ಡಾಕ್ಟರು ಆರು ಎಂದು ಎಣಿಸಿದರು. ಅದರಲ್ಲಿ ಎರಡು ನಮ್ಮ ಅತ್ತೆಯ ಏಕಾದಶಿ.