ಯುರೋಪಿನ ಪಿಂಚಣಿ ವರದಿಗಳನ್ನು ಓದುವ ಬಗೆ: ಖರ್ಚು ಎಷ್ಟು, ಸಾಲುವುದು ಎಷ್ಟು

ತುಮಕೂರಿನಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿರುವವರಿಗೂ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ, ಹಳೆಯ ಪಿಂಚಣಿ ಮರಳಿ ಬೇಕೆಂದು ಕೇಳುತ್ತಿರುವ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ನೌಕರರಿಗೂ ಯುರೋಪಿನ ಉದಾಹರಣೆ ಪದೇ ಪದೇ ಎದುರಾಗುತ್ತದೆ. ವೃದ್ಧರ ಸಂಖ್ಯೆ ಏರಿ ಅಲ್ಲಿನ ಬೊಕ್ಕಸ ಬರಿದಾಗುತ್ತಿದೆ ಎಂದು ಒಬ್ಬರು ವಾದಿಸಿದರೆ, ಅಲ್ಲಿ ಪಿಂಚಣಿ ಖರ್ಚು ಹೇಳಿಕೊಳ್ಳುವಷ್ಟು ಏರುತ್ತಲೇ ಇಲ್ಲ ಎಂದು ಇನ್ನೊಬ್ಬರು ವಾದಿಸುತ್ತಾರೆ. ವಿಚಿತ್ರವೆಂದರೆ ಇಬ್ಬರ ಕೈಯಲ್ಲೂ ಅಧಿಕೃತ ಅಂಕಿಅಂಶಗಳೇ ಇರುತ್ತವೆ. ಇವೆರಡೂ ಒಂದೇ ಲೆಕ್ಕದ ಎರಡು ಬದಿಗಳು ಎಂಬುದನ್ನು ಕಾಗದ, ಪೆನ್ನು ಹಿಡಿದು ತಾವೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಗುಣಾಕಾರ, ಭಾಗಾಕಾರಗಳಿಗಿಂತ ಹೆಚ್ಚಿನ ಗಣಿತ ಇದಕ್ಕೆ ಬೇಕಾಗಿಲ್ಲ.

ಮೊದಲು ಎರಡು ವರದಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಒಂದು, ಯುರೋಪಿಯನ್ ಕಮಿಷನ್ ಮತ್ತು ಆರ್ಥಿಕ ನೀತಿ ಸಮಿತಿ ಸೇರಿ ಮೂರು ವರ್ಷಕ್ಕೊಮ್ಮೆ ಹೊರತರುವ ‘ಏಜಿಂಗ್ ರಿಪೋರ್ಟ್’. ಇದು ಖರ್ಚಿನ ವರದಿ. ಇನ್ನೊಂದು, ಅದೇ ಕಮಿಷನ್ ಸಾಮಾಜಿಕ ರಕ್ಷಣಾ ಸಮಿತಿಯೊಡನೆ ತರುವ ‘ಪೆನ್ಷನ್ ಅಡಿಕ್ವಸಿ ರಿಪೋರ್ಟ್’. ಕೊಟ್ಟ ಪಿಂಚಣಿ ಬದುಕಿಗೆ ಸಾಲುತ್ತದೆಯೇ ಎಂಬುದನ್ನು ಇದು ನೋಡುತ್ತದೆ. ಎರಡೂ 2024ರಲ್ಲಿ ಪ್ರಕಟವಾಗಿವೆ, ಎರಡೂ ಉಚಿತವಾಗಿ ಸಿಗುತ್ತವೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಉಲ್ಲೇಖಿಸುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಖರ್ಚಿನ ವರದಿಯಲ್ಲಿ ಮೊದಲು ಹುಡುಕಬೇಕಾದ ಅಂಕಿ ವೃದ್ಧರ ಅವಲಂಬನಾ ಅನುಪಾತ. 20ರಿಂದ 64 ವರ್ಷದೊಳಗಿನ ಪ್ರತಿ 100 ಜನರಿಗೆ 65 ದಾಟಿದವರು ಎಷ್ಟು ಮಂದಿ ಎಂಬುದನ್ನು ಅದು ಹೇಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2022ರಲ್ಲಿ ಅದು 36 ಇತ್ತು. 2070ಕ್ಕೆ 59 ಆಗುತ್ತದೆಂದು ಅಂದಾಜು. ಕೆಲವು ಪಟ್ಟಿಗಳು ದುಡಿಯುವ ವಯಸ್ಸನ್ನು 15ರಿಂದಲೇ ಎಣಿಸುವುದರಿಂದ ಅವುಗಳಲ್ಲಿ ಇದೇ ಅನುಪಾತ ಸುಮಾರು 33 ಎಂದು ಕಾಣಬಹುದು. ಎರಡನ್ನು ಬೆರೆಸಿ ಹೋಲಿಸಿದರೆ ಇಲ್ಲದ ಏರಿಳಿತವೊಂದು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಯ ಅಡಿಟಿಪ್ಪಣಿಯನ್ನು ಓದದೆ ಅಂಕಿಯನ್ನು ಬರೆದುಕೊಳ್ಳಬಾರದು.

ಈ ಏರಿಕೆಗೆ ಜನ ಹೆಚ್ಚು ಕಾಲ ಬದುಕುತ್ತಿರುವುದು ಒಂದು ಕಾರಣ. ಹುಟ್ಟುವ ಮಕ್ಕಳು ಕಡಿಮೆಯಾಗಿರುವುದು ಇನ್ನೊಂದು. ಒಕ್ಕೂಟದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, 2023ರಲ್ಲಿ 1.38ಕ್ಕೆ ಇಳಿದಿತ್ತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಈಗ ಒಟ್ಟಾಗಿ ನಿವೃತ್ತವಾಗುತ್ತಿರುವುದು ಮೂರನೆಯದು. ಇದು ದೂರದ ಮಾತೆಂದು ತಳ್ಳಿಹಾಕುವವರು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆ ದರ 1.7 ಇತ್ತು ಎಂಬುದನ್ನು ಗಮನಿಸಬೇಕು.

ಕಾಣೆಯಾದ ಏಳು ಅಂಶ

ಈಗ ನಿಜವಾದ ಲೆಕ್ಕಕ್ಕೆ ಬರೋಣ. 2022ರಲ್ಲಿ ಒಕ್ಕೂಟದ ಸಾರ್ವಜನಿಕ ಪಿಂಚಣಿ ಖರ್ಚು ಜಿಡಿಪಿಯ ಶೇ. 11.4ರಷ್ಟಿತ್ತು. ಬೇರೇನೂ ಬದಲಾಗದೆ ಅವಲಂಬನಾ ಅನುಪಾತ ಮಾತ್ರ 36ರಿಂದ 59ಕ್ಕೆ ಏರಿದರೆ ಖರ್ಚು ಎಷ್ಟಾಗಬೇಕು? 11.4ನ್ನು 59ರಿಂದ ಗುಣಿಸಿ 36ರಿಂದ ಭಾಗಿಸಿದರೆ ಸುಮಾರು 18.7 ಬರುತ್ತದೆ. ಆದರೆ ವರದಿ 2070ಕ್ಕೆ ಕೊಡುವ ಅಂದಾಜು ಶೇ. 11.8 ಮಾತ್ರ. ಹೆಚ್ಚುಕಡಿಮೆ ಏಳು ಶೇಕಡಾ ಅಂಶಗಳು ಎಲ್ಲಿ ಹೋದವು? ವೃದ್ಧರು ಹೆಚ್ಚಾದರೂ ಖರ್ಚು ಏಕೆ ಏರಲಿಲ್ಲ? ಒಂದು ದೇಶದ ವರದಿಯನ್ನು ಓದುವಾಗಲೂ ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಬೇಕು. ನನ್ನ ಅಭಿಪ್ರಾಯದಲ್ಲಿ ಪಿಂಚಣಿಯ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಉತ್ತರ ಹುಡುಕಲು ವರದಿಯೇ ಖರ್ಚನ್ನು ಬಿಡಿಸಿ ತೋರಿಸುತ್ತದೆ. ಅವಲಂಬನಾ ಅನುಪಾತದ ಜೊತೆಗೆ ಮೂರು ವಿಷಯಗಳನ್ನು ನೋಡಿದರೆ ಸಾಕು. ವೃದ್ಧರ ಸಂಖ್ಯೆಗೆ ಹೋಲಿಸಿದರೆ ಪಿಂಚಣಿ ಪಡೆಯುವವರು ಎಷ್ಟು ಎಂಬುದು ಒಂದು. ನಿವೃತ್ತಿ ವಯಸ್ಸು ಏರಿದರೆ, ಅವಧಿಗೆ ಮುಂಚಿನ ನಿವೃತ್ತಿಯ ದಾರಿಗಳು ಮುಚ್ಚಿದರೆ ಇದು ಇಳಿಯುತ್ತದೆ. ದುಡಿಯುವ ವಯಸ್ಸಿನವರಲ್ಲಿ ನಿಜವಾಗಿ ಕೆಲಸದಲ್ಲಿರುವವರು ಎಷ್ಟು ಎಂಬುದು ಇನ್ನೊಂದು. ಮಹಿಳೆಯರೂ 55 ದಾಟಿದವರೂ ಹೆಚ್ಚಾಗಿ ಉದ್ಯೋಗದಲ್ಲಿದ್ದರೆ ಹೊರೆ ಹಗುರವಾಗುತ್ತದೆ. ಕೊನೆಯದು, ಸರಾಸರಿ ಪಿಂಚಣಿಯು ಸರಾಸರಿ ಸಂಬಳದ ಎಷ್ಟು ಪಾಲು ಎಂಬುದು. ಬಹುಪಾಲು ದೇಶಗಳಲ್ಲಿ ಇದು ಮುಂದಿನ ದಶಕಗಳಲ್ಲಿ ಇಳಿಯುತ್ತದೆಂದು ವರದಿಯೇ ಹೇಳುತ್ತದೆ. ಕಾಣೆಯಾದ ಏಳು ಅಂಶಗಳಲ್ಲಿ ದೊಡ್ಡ ಭಾಗ ಇಲ್ಲಿ ಸಿಗುತ್ತದೆ: ನಾಳಿನ ನಿವೃತ್ತರಿಗೆ, ಆಗಿನ ಸಂಬಳದ ಮಟ್ಟಕ್ಕೆ ಹೋಲಿಸಿದರೆ, ಇಂದಿನವರಿಗಿಂತ ಕಡಿಮೆ ಪಿಂಚಣಿ. ಖರ್ಚಿನ ವರದಿ ಸುಸ್ಥಿರತೆ ಎಂದು ಕರೆಯುವುದು ಸಾಲುವಿಕೆಯ ವರದಿಯಲ್ಲಿ ಕೊರತೆಯಾಗಿ ದಾಖಲಾಗುತ್ತದೆ.

ಇದನ್ನು ಮನದಟ್ಟು ಮಾಡಿಕೊಳ್ಳಲು ಒಂದು ಕಲ್ಪಿತ ಲೆಕ್ಕ ಮಾಡಿ ನೋಡಬಹುದು. ಇಂದಿನ ದುಡಿಮೆಗಾರರ ವಂತಿಗೆಯಿಂದಲೇ ಇಂದಿನ ನಿವೃತ್ತರಿಗೆ ಕೊಡುವ ವ್ಯವಸ್ಥೆಯಲ್ಲಿ 100 ನೌಕರರಿಗೆ 40 ಪಿಂಚಣಿದಾರರಿದ್ದು, ಪಿಂಚಣಿ ಸರಾಸರಿ ಸಂಬಳದ ಅರ್ಧದಷ್ಟಿದ್ದರೆ, ಪ್ರತಿ ನೌಕರನ ಸಂಬಳದಲ್ಲಿ ಶೇ. 20 ವಂತಿಗೆ ಬೇಕು. ಪಿಂಚಣಿದಾರರು 60 ಆದರೆ ಅದೇ ಪಿಂಚಣಿಗೆ ಶೇ. 30 ಬೇಕು. ವಂತಿಗೆಯನ್ನು ಶೇ. 20ರಲ್ಲೇ ನಿಲ್ಲಿಸಿದರೆ ಪಿಂಚಣಿ ಸಂಬಳದ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ನಿವೃತ್ತಿ ವಯಸ್ಸನ್ನು ಏರಿಸಿ 100ಕ್ಕೆ 50 ಎಂಬ ಮಟ್ಟಕ್ಕೆ ತಂದರೆ, ಶೇ. 20ರ ವಂತಿಗೆಯಲ್ಲಿ ಶೇ. 40ರಷ್ಟು ಪಿಂಚಣಿ ಕೊಡಬಹುದು. ಈ ಮೂರರ ಹೊರಗೆ ಉಳಿಯುವ ದಾರಿ ತೆರಿಗೆಯ ಹಣ ಅಥವಾ ಸಾಲ.

ಜರ್ಮನಿಯಲ್ಲಿ ಈ ದಾರಿಗಳೆಲ್ಲ ಒಟ್ಟಿಗೇ ಕಾಣುತ್ತವೆ. ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಕಾನೂನಾದ ಅಲ್ಲಿನ ವೃದ್ಧಾಪ್ಯ ವಿಮೆ 70 ವರ್ಷಕ್ಕೆ ಪಿಂಚಣಿ ಕೊಡುತ್ತಿತ್ತು. 1916ರಲ್ಲಿ ಆ ವಯಸ್ಸು 65ಕ್ಕೆ ಇಳಿಯಿತು. ಈಗ ಮತ್ತೆ ಹಂತಹಂತವಾಗಿ ಏರುತ್ತ 2031ಕ್ಕೆ 67 ತಲುಪಲಿದೆ. ಸರಾಸರಿ ಸಂಬಳದಲ್ಲಿ ಒಂದು ವರ್ಷ ದುಡಿದವರಿಗೆ ಒಂದು ಅಂಕ ಸಿಗುತ್ತದೆ. 2025ರ ಜುಲೈನಿಂದ ಒಂದು ಅಂಕಕ್ಕೆ ತಿಂಗಳಿಗೆ 40.79 ಯೂರೋ ಎಂದಾದ್ದರಿಂದ, 45 ವರ್ಷ ಹಾಗೆ ದುಡಿದವರ ಪಿಂಚಣಿ ಸುಮಾರು 1,835 ಯೂರೋ. ಅವಧಿಗೆ ಮುಂಚೆ ನಿವೃತ್ತರಾದರೆ ಪ್ರತಿ ತಿಂಗಳಿಗೆ ಶೇ. 0.3 ಕಡಿತವಿದೆ. ವಂತಿಗೆ ದರ 2018ರಿಂದ ಶೇ. 18.6ರಲ್ಲೇ ಇದೆ ಎಂದು ನೋಡಿ ಅಲ್ಲಿ ಏನೂ ತೊಂದರೆಯಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಕೇಂದ್ರ ಸರ್ಕಾರ ವರ್ಷಕ್ಕೆ 10,000 ಕೋಟಿ ಯೂರೋಗೂ ಮೀರಿದ ತೆರಿಗೆ ಹಣವನ್ನು ಈ ವ್ಯವಸ್ಥೆಗೆ ಸುರಿಯುತ್ತದೆ. ವಂತಿಗೆ ದರವನ್ನು ನೋಡಿದವರು ಬಜೆಟ್ ಅನುದಾನವನ್ನೂ ನೋಡಲೇಬೇಕು.

ಯಾರ ತಲೆಯ ಮೇಲೆ ಅಪಾಯ

ಮುಂದೆ ಪತ್ತೆಹಚ್ಚಬೇಕಾದದ್ದು ವ್ಯವಸ್ಥೆಯ ಬಗೆಯನ್ನು. ತುಮಕೂರು ಜಿಲ್ಲೆಯ ಒಂದೇ ಶಾಲೆಯಲ್ಲಿ ಪಾಠ ಮಾಡುವ ಇಬ್ಬರು ಸರ್ಕಾರಿ ಶಿಕ್ಷಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2006ರ ಏಪ್ರಿಲ್ 1ಕ್ಕೆ ಮುಂಚೆ ಸೇವೆಗೆ ಸೇರಿದವರಿಗೆ ಕೊನೆಯ ವೇತನದ ಆಧಾರದ ಮೇಲೆ ಪಿಂಚಣಿಯ ಭರವಸೆಯಿದೆ. ಅವರು ಎಷ್ಟು ವರ್ಷ ಬದುಕಿದರೂ ಹೊರೆ ಸರ್ಕಾರದ್ದು. ಅನಂತರ ಸೇರಿದವರಿಗೆ ಎನ್‌ಪಿಎಸ್‌ನಲ್ಲಿ ವಂತಿಗೆ ಮಾತ್ರ ನಿಗದಿಯಾಗಿದ್ದು, ಕೈಗೆ ಬರುವುದೆಷ್ಟು ಎಂಬುದು ಮಾರುಕಟ್ಟೆಯನ್ನೂ ನಿವೃತ್ತಿಯ ಹೊತ್ತಿನ ಆನ್ಯುಟಿ (ಕೂಡಿಟ್ಟ ಹಣವನ್ನು ಕೊಟ್ಟು ಪಡೆಯುವ ಜೀವನಪರ್ಯಂತದ ನಿಯತ ಆದಾಯ) ದರವನ್ನೂ ಅವಲಂಬಿಸಿದೆ. ಯುರೋಪಿನಲ್ಲೂ ಗೆರೆ ಇದೇ ದಿಕ್ಕಿನಲ್ಲಿ ಸರಿದಿದೆ, ಆದರೆ ಅಲ್ಲಿ ನಡುವೆ ಇನ್ನೊಂದು ಬಗೆಯಿದೆ.

ಸ್ವೀಡನ್ ಅದಕ್ಕೆ ಒಳ್ಳೆಯ ಮಾದರಿ. ಅಲ್ಲಿ 1990ರ ದಶಕದ ಸುಧಾರಣೆಯ ನಂತರ ಪಿಂಚಣಿಗೆ ಸಂಬಳದ ಶೇ. 18.5 ಸಲ್ಲುತ್ತದೆ. ಅದರಲ್ಲಿ ಶೇ. 2.5 ಮಾತ್ರ ನಿಜವಾದ ಹೂಡಿಕೆಗೆ ಹೋಗುತ್ತದೆ, ಉಳಿದ ಶೇ. 16 ಇಂದಿನ ನಿವೃತ್ತರಿಗೆ ಖರ್ಚಾಗುತ್ತದೆ, ಆದರೆ ಪ್ರತಿಯೊಬ್ಬರ ಹೆಸರಿನಲ್ಲಿ ಪುಸ್ತಕದಲ್ಲಿ ಜಮೆಯಾಗುತ್ತ ಹೋಗುತ್ತದೆ. ನಿವೃತ್ತಿಯ ದಿನ ಆ ಜಮೆಯನ್ನು ಆ ತಲೆಮಾರಿನ ನಿರೀಕ್ಷಿತ ಆಯುಷ್ಯಕ್ಕೆ ಅನುಗುಣವಾದ ಭಾಜಕದಿಂದ ಭಾಗಿಸುತ್ತಾರೆ. ಭಾಜಕ 18ರಿಂದ 20ಕ್ಕೆ ಏರಿತೆಂದುಕೊಳ್ಳಿ. ಅದೇ ಜಮೆಗೆ ಸಿಗುವ ಪಿಂಚಣಿ ಶೇ. 10 ಇಳಿಯುತ್ತದೆ, ಯಾವ ಶಾಸಕರೂ ಕೈ ಎತ್ತಬೇಕಾಗಿಲ್ಲ. ಇದರ ಮೇಲೆ ವ್ಯವಸ್ಥೆಯ ಆಸ್ತಿಯು ಅದರ ಹೊಣೆಗಳಿಗೆ ಸಾಲದಿದ್ದಾಗ ಪಿಂಚಣಿಯ ಏರಿಕೆಯನ್ನು ತಗ್ಗಿಸುವ ಸ್ವಯಂಚಾಲಿತ ಏರ್ಪಾಡೊಂದಿದೆ. 2010, 2011 ಮತ್ತು 2014ರಲ್ಲಿ ಅದು ಚಾಲನೆಗೆ ಬಂದಿತ್ತು. ಇಂಥ ದೇಶದ ಖರ್ಚಿನ ರೇಖೆ ಸಮತಟ್ಟಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಇಟಲಿ 1995ರಲ್ಲೇ ಇದೇ ಬಗೆಯನ್ನು ಒಪ್ಪಿಕೊಂಡರೂ, ಹಳಬರಿಗೆ ಹಳೆಯ ನಿಯಮ ಉಳಿಸಿ ಬಹಳ ನಿಧಾನವಾಗಿ ಜಾರಿಗೆ ತಂದದ್ದರಿಂದ ಅದರ ಖರ್ಚು ಇಂದಿಗೂ ಜಿಡಿಪಿಯ ಶೇ. 16ರ ಆಸುಪಾಸಿನಲ್ಲಿದೆ.

ನಿವೃತ್ತಿಯ ದಿನದ ಪಿಂಚಣಿಯನ್ನು ನೋಡಿ ಅಲ್ಲಿಗೇ ನಿಲ್ಲುವುದು ಬಹಳ ಜನ ಮಾಡುವ ಕೆಲಸ. ಅನಂತರ ಪ್ರತಿವರ್ಷ ಅದು ಯಾವುದರ ಲೆಕ್ಕದಲ್ಲಿ ಏರುತ್ತದೆ ಎಂಬುದೂ ಅಷ್ಟೇ ಮುಖ್ಯ. ನಮ್ಮ ಇಪಿಎಸ್-95ರ (ಭವಿಷ್ಯ ನಿಧಿಯ ಸದಸ್ಯರಾದ ನೌಕರರ ಪಿಂಚಣಿ ಯೋಜನೆ) ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ನಿಗದಿಯಾಗಿ, ಹತ್ತು ವರ್ಷ ಕಳೆದ ಮೇಲೂ ಅಷ್ಟೇ ಇತ್ತು. ಬೆಲೆ ಏರಿದಂತೆ ಪಿಂಚಣಿಯನ್ನೂ ಏರಿಸುವ ಕೊಂಡಿಯೇ ಅದಕ್ಕಿಲ್ಲ. ಖಾಸಗಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಯುರೋಪಿನಲ್ಲಿ ಸಾಮಾನ್ಯವಾಗಿ ಕೊಂಡಿ ಇರುತ್ತದೆ, ಆದರೆ ಬೆಲೆಯ ಕೊಂಡಿಗೂ ಸಂಬಳದ ಕೊಂಡಿಗೂ ವ್ಯತ್ಯಾಸ ದೊಡ್ಡದು. ಸಂಬಳದ ಶೇ. 60ರಷ್ಟು ಪಿಂಚಣಿಯೊಡನೆ ನಿವೃತ್ತರಾದವರ ಪಿಂಚಣಿ ಬೆಲೆಯೊಡನೆ ಮಾತ್ರ ಏರುತ್ತ, ಸಂಬಳಗಳು ಬೆಲೆಗಿಂತ ವರ್ಷಕ್ಕೆ ಶೇ. 1.5 ವೇಗವಾಗಿ ಏರಿದರೆ, 20 ವರ್ಷದಲ್ಲಿ ಅದು ಆಗಿನ ಸಂಬಳದ ಶೇ. 44.5ಕ್ಕೆ ಬರುತ್ತದೆ. ಕೊಳ್ಳುವ ಶಕ್ತಿ ಉಳಿದಿದ್ದರೂ ಸುತ್ತಲಿನ ಸಮಾಜಕ್ಕೆ ಹೋಲಿಸಿದರೆ ಆ ವ್ಯಕ್ತಿ ಬಡವಾಗುತ್ತ ಹೋಗುತ್ತಾರೆ. 85 ದಾಟಿದವರಲ್ಲಿ ಹೆಂಗಸರೇ ಹೆಚ್ಚಾದ್ದರಿಂದ ಇದರ ಪೆಟ್ಟು ಅವರಿಗೇ ಹೆಚ್ಚು.

ಸಾಲುವಿಕೆಯ ವರದಿಯನ್ನು ತೆರೆದಾಗ ಮೊದಲು ಕಾಣುವುದು 40 ವರ್ಷ ಎಡೆಬಿಡದೆ ದುಡಿದ ಕಲ್ಪಿತ ನೌಕರನ ಪಿಂಚಣಿ ಕೊನೆಯ ಸಂಬಳದ ಎಷ್ಟು ಪಾಲು ಎಂಬ ಪಟ್ಟಿ. ದೇಶಗಳ ನಿಯಮಗಳನ್ನು ಹೋಲಿಸಲು ಅದು ಉಪಯುಕ್ತ. ಆದರೆ ಅಂಥ ನೌಕರ ಎಲ್ಲರ ಮನೆಯಲ್ಲೂ ಇಲ್ಲ. ಮಕ್ಕಳಿಗಾಗಿ ಕೆಲಸ ಬಿಟ್ಟವರು, ಅರೆಕಾಲಿಕ ಕೆಲಸದವರು, ಸ್ವಂತ ದುಡಿಮೆಯವರು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಅದರ ಜೊತೆಗೆ ಬಡತನದ ಅಪಾಯದ ಪಟ್ಟಿಯನ್ನೂ ಓದಬೇಕು: ದೇಶದ ಮಧ್ಯಾಂಕ ಆದಾಯದ (ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ ಇರುವ ಮಟ್ಟ) ಶೇ. 60ಕ್ಕಿಂತ ಕೆಳಗಿರುವ ವೃದ್ಧರು ಎಷ್ಟು ಎಂಬುದನ್ನು ಅದು ಕೊಡುತ್ತದೆ. ಒಕ್ಕೂಟದಲ್ಲಿ ಮಹಿಳೆಯರ ಸರಾಸರಿ ಪಿಂಚಣಿ ಪುರುಷರದಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ಈ ಅಂತರ ಸಂಬಳದ ಅಂತರಕ್ಕಿಂತಲೂ ಅಗಲವಾದದ್ದು, ಏಕೆಂದರೆ ಇಡೀ ದುಡಿಮೆಯ ಬದುಕಿನ ವ್ಯತ್ಯಾಸಗಳು ಇದರಲ್ಲಿ ಒಟ್ಟುಗೂಡಿರುತ್ತವೆ. ನೆದರ್‌ಲೆಂಡ್ಸ್ ದೇಶದ ಮೂಲ ಪಿಂಚಣಿ ದುಡಿಮೆಯನ್ನು ಕೇಳದೆ, ಅಲ್ಲಿ ವಾಸಿಸಿದ ಪ್ರತಿ ವರ್ಷಕ್ಕೆ ಶೇ. 2ರಂತೆ, 50 ವರ್ಷಕ್ಕೆ ಪೂರ್ಣ ಹಕ್ಕು ಕೊಡುತ್ತದೆ.

ಮುನ್ನಂದಾಜನ್ನು ಭವಿಷ್ಯವಾಣಿಯಂತೆ ಓದುವುದೂ ಸರಿಯಲ್ಲ. ಈಗಾಗಲೇ ಆಗಿರುವ ಕಾನೂನು ಬದಲಾಗದೆ ಜಾರಿಯಾಗುತ್ತದೆ ಎಂಬ ಊಹೆಯ ಮೇಲೆ ಏಜಿಂಗ್ ರಿಪೋರ್ಟ್ ನಿಂತಿದೆ. ಜನ ಒಪ್ಪದಿದ್ದರೆ ಕಾನೂನು ನಿಲ್ಲುವುದಿಲ್ಲ. ಪೋಲೆಂಡ್ 2012ರಲ್ಲಿ ನಿವೃತ್ತಿ ವಯಸ್ಸನ್ನು 67ಕ್ಕೆ ಏರಿಸಲು ನಿರ್ಧರಿಸಿ, 2017ರಲ್ಲಿ ಪುರುಷರಿಗೆ 65, ಮಹಿಳೆಯರಿಗೆ 60 ಎಂಬ ಹಳೆಯ ಮಿತಿಗೇ ಮರಳಿತು. ಫ್ರಾನ್ಸ್ 2023ರಲ್ಲಿ 62ನ್ನು 64ಕ್ಕೆ ಏರಿಸುವ ಕಾನೂನನ್ನು ಕೆಳಮನೆಯ ಅಂತಿಮ ಮತದಾನವಿಲ್ಲದೆ, ಭಾರಿ ಪ್ರತಿಭಟನೆಗಳ ನಡುವೆ ತಂದಿತು. 2025ರ ಕೊನೆಗೆ ಅದನ್ನು ತಡೆಹಿಡಿಯಬೇಕಾಯಿತು. ಆದಕಾರಣ ಯಾವ ದೇಶದ ಅಂದಾಜನ್ನಾದರೂ ಬರೆದುಕೊಳ್ಳುವಾಗ, ವರದಿಯ ವರ್ಷದ ನಂತರ ಕಾನೂನು ಬದಲಾಗಿದೆಯೇ ಎಂದು ನೋಡಿ, ಆ ದಿನಾಂಕವನ್ನೂ ಪಕ್ಕದಲ್ಲಿ ಬರೆಯಬೇಕು.

ಈ ಕ್ರಮವನ್ನು ಅಭ್ಯಾಸ ಮಾಡಲು ಡೆನ್ಮಾರ್ಕ್ ಆರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿನ ಸಂಸತ್ತು 2025ರ ಮೇ ತಿಂಗಳಲ್ಲಿ ಪಿಂಚಣಿ ವಯಸ್ಸನ್ನು 2040ಕ್ಕೆ 70 ಮಾಡಲು ಒಪ್ಪಿತು. 1970ರ ಡಿಸೆಂಬರ್ 31ರ ನಂತರ ಹುಟ್ಟಿದವರಿಗೆ ಇದು ಅನ್ವಯಿಸುತ್ತದೆ. ಖರ್ಚಿನ ಪಟ್ಟಿಯಲ್ಲಿ ಪಿಂಚಣಿ ಪಡೆಯುವವರ ಪಾಲು ಇಳಿಯುವುದನ್ನು ಮೊದಲು ಗುರುತಿಸಿ. ಅನಂತರ ಕಟ್ಟಡ ಕೆಲಸ, ಸ್ವಚ್ಛತೆ, ವೃದ್ಧರ ಆರೈಕೆಯಂಥ ಮೈಮುರಿಯುವ ಕೆಲಸದಲ್ಲಿ 68, 69ರವರೆಗೆ ನಿಲ್ಲಲಾಗದವರು ಎಲ್ಲಿಗೆ ಹೋಗುತ್ತಾರೆ ಎಂದು ಹುಡುಕಿ. ದೀರ್ಘಕಾಲ ದುಡಿದವರಿಗಾಗಿ ಅಲ್ಲಿ ಬೇಗ ನಿವೃತ್ತಿಯ ಪ್ರತ್ಯೇಕ ಏರ್ಪಾಡಿದೆ, ಜೊತೆಗೆ ಅಶಕ್ತತಾ ಪಿಂಚಣಿಯೂ ಇದೆ. ಆ ಎರಡು ಶೀರ್ಷಿಕೆಗಳ ಖರ್ಚನ್ನೂ ಕೂಡಿಸಿದ ಮೇಲೆಯೇ ವಯಸ್ಸು ಏರಿಸಿದ್ದರಿಂದ ನಿಜವಾಗಿ ಉಳಿದ ಹಣವೆಷ್ಟು ಎಂಬುದನ್ನು ಕಳೆದು ನೋಡಬೇಕು.