ಹಾರರ್ ಕಥೆ ಸಂಕಲನಕ್ಕೆ ಕಳಿಸುವ ಮುಂಚೆ

ಇಂಗ್ಲಿಷಿನಲ್ಲಿ ಹಾರರ್ ಕಥೆ ಬರೆದು ಅಮೆರಿಕದ ಸಂಕಲನಗಳಿಗೆ ಕಳಿಸಬೇಕು ಅಂತಿದ್ದೀರಾ? ಮೊದಲು ದುಡ್ಡಿನ ಲೆಕ್ಕ ನೋಡಿಕೊಳ್ಳಿ.

ಅಲ್ಲಿ ಪದಕ್ಕೆ ಇಷ್ಟು ಅಂತ ಕೊಡುತ್ತಾರೆ. ಅಲ್ಲಿನ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಲೇಖಕರ ಸಂಘ 2019ರಲ್ಲಿ ವೃತ್ತಿಪರ ದರವನ್ನು ಪದಕ್ಕೆ 6 ಸೆಂಟ್‌ನಿಂದ 8 ಸೆಂಟ್‌ಗೆ ಏರಿಸಿತು. ಆ ಲೆಕ್ಕದಲ್ಲಿ 4,000 ಪದದ ಕಥೆಗೆ 320 ಡಾಲರ್. ಆದರೆ ಪದಕ್ಕೆ 1 ಸೆಂಟ್ ಕೊಡುವವರು, ಬರೀ ಒಂದು ಪ್ರತಿ ಕೊಡುವವರೂ ಇದ್ದಾರೆ. ಕಡಿಮೆ ಕೊಟ್ಟರೂ ಪರವಾಗಿಲ್ಲ, ನಿಮ್ಮಿಂದಲೇ ದುಡ್ಡು ಕೇಳಿದರೆ, ಇಷ್ಟು ಪ್ರತಿ ಕೊಳ್ಳಲೇಬೇಕು ಅಂದರೆ, ಅಲ್ಲಿಗೆ ಕಳಿಸಬೇಡಿ.

ಯಾರು ಕಥೆ ಕೇಳುತ್ತಿದ್ದಾರೆ ಅನ್ನೋದು ಸಬ್‌ಮಿಷನ್ ಗ್ರೈಂಡರ್ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅವರ ನಿಯಮ ಪೂರ್ತಿ ಓದಿ. ಒಂದೇ ಕಥೆಯನ್ನು ಎರಡು ಕಡೆ ಒಟ್ಟಿಗೆ ಕಳಿಸುವುದು ಎಷ್ಟೋ ಸಂಪಾದಕರಿಗೆ ಆಗುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಕಥೆಯನ್ನು ಸಾಮಾನ್ಯವಾಗಿ ಆಗಲೇ ಪ್ರಕಟವಾದದ್ದು ಅಂತಲೇ ಹಿಡಿಯುತ್ತಾರೆ, ಆದ್ದರಿಂದ ಸುಮ್ನೆ ಹಾಕಿ ಕಳೆದುಕೊಳ್ಳಬೇಡಿ. ಇನ್ನು ಕಥೆಯ ವಿಷಯ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಊರಿನವರು ನಾವು, ನಮಗೆ ಇಂಗ್ಲೆಂಡಿನ ಹಳೇ ಬಂಗಲೆ ಯಾಕೆ ಬೇಕು ಅಲ್ವಾ?

ಕಥೆ ಆಯ್ಕೆಯಾದ ಮೇಲೆ ಬರುವ ಒಪ್ಪಂದದಲ್ಲೇ ಜಾಸ್ತಿ ಜನ ಎಡವುವುದು. ನಾನೂ ಎಡವಿದ್ದೇನೆ. ಒಂದು ಸಣ್ಣ ಪ್ರಕಾಶನ ನನ್ನ ಕಥೆ ತೆಗೆದುಕೊಂಡಿತು, ನಾನು ಖುಷಿಯಲ್ಲಿ ಓದದೇ ಸಹಿ ಹಾಕಿದೆ, ಪುಸ್ತಕ ಎರಡು ವರ್ಷವಾದರೂ ಬರಲಿಲ್ಲ, ಇಂಥ ದಿನದೊಳಗೆ ಅಚ್ಚಾಗದಿದ್ದರೆ ಕಥೆ ವಾಪಸ್ ಅನ್ನುವ ಒಂದು ಸಾಲು ಅದರಲ್ಲಿ ಇರಲಿಲ್ಲವಾದ್ದರಿಂದ ಬೇರೆ ಕಡೆ ಕಳಿಸಲೂ ಆಗಲಿಲ್ಲ. ಆ ಸಾಲು ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಒಳ್ಳೆಯ ಸಂಪಾದಕರು ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊಡುವುದು ಇಂಗ್ಲಿಷಿನಲ್ಲಿ ಮೊದಲ ಸಲ ಪ್ರಕಟಿಸುವ ಹಕ್ಕನ್ನು ಮಾತ್ರ, ಅದೂ ಆರು ತಿಂಗಳೋ ಒಂದು ವರ್ಷವೋ ಅವರೊಬ್ಬರಿಗೇ. 'ಎಲ್ಲಾ ಹಕ್ಕು' ಅಂತ ಇದ್ದರೆ ಒಪ್ಪಬೇಡಿ. ಒಪ್ಪಿದರೆ ಅದೇ ಕಥೆಯನ್ನು ನೀವೇ ಕನ್ನಡಕ್ಕೆ ತಂದು ನಿಮ್ಮ ಸಂಕಲನದಲ್ಲಿ ಹಾಕಲೂ ಅವರನ್ನು ಕೇಳಬೇಕಾಗುತ್ತದೆ. ಅನುವಾದ, ಆಡಿಯೊ, ಸಿನಿಮಾ ಮೂರೂ ನಿಮ್ಮ ಹತ್ತಿರವೇ ಇರಲಿ.

ನಮ್ಮ ದೇಶದ ಪ್ರಕಾಶಕರಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಗೊತ್ತಿರಲಿ. ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಐದು ವರ್ಷ ಅಂತ ಲೆಕ್ಕ. ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಹಕ್ಕು ಬಿದ್ದುಹೋಗುತ್ತದೆ. ಅಮೆರಿಕದ ಒಪ್ಪಂದದಲ್ಲಿ ಇದನ್ನು ನಂಬಿ ಕೂರಬೇಡಿ, ಅಲ್ಲಿ ಯಾವ ಕಾನೂನು ಅಂತ ಅದರಲ್ಲೇ ಬರೆದಿರುತ್ತಾರೆ.

ಕಳಿಸಿದ ದಿನ, ಅವರ ಅವಧಿ ಮುಗಿಯುವ ದಿನ ಎರಡನ್ನೂ ಬರೆದಿಡಿ. ಅವಧಿ ಮುಗಿದ ಮಾರನೇ ದಿನವೇ ಮರುಮುದ್ರಣ ತೆಗೆದುಕೊಳ್ಳುವ ಸಂಕಲನಕ್ಕೆ ಅದೇ ಕಥೆ ಕಳಿಸಬಹುದು. ದರ ಕಡಿಮೆ, ಆದರೆ ಹೊಸದಾಗಿ ಬರೆಯುವುದೇನೂ ಇರುವುದಿಲ್ಲ.