ಫೈಲ್ ಆಮೇಲೆ, ಮೊದಲು ವಂಶವೃಕ್ಷ

ಜಾಗ ಕೊಳ್ಳಲು ಹೊರಟವರು ಬಂದ ಕೂಡಲೇ ಫೈಲ್ ಮುಂದಿಡುತ್ತಾರೆ. ನಾನು ಅದನ್ನು ಬದಿಗಿಟ್ಟು ಖಾಲಿ ಹಾಳೆ ತೆಗೆಯುತ್ತೇನೆ. ಮಾರುವವರ ಅಜ್ಜ ಯಾರು, ಅವರಿಗೆ ಮಕ್ಕಳೆಷ್ಟು, ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದ್ದಾರೆ? ಕೊನೆಯ ಪ್ರಶ್ನೆಗೆ ಮಾರುವವರ ಉತ್ತರ ಹೆಚ್ಚಾಗಿ ಒಂದೇ. "ಅವರಿಗೆಲ್ಲ ಮದುವೆ ಮಾಡಿ ಕೊಟ್ಟಾಗಿದೆ ವಕೀಲ್ರೇ, ಅವರೇನೂ ಕೇಳೂದಿಲ್ಲ."

ಕೇಳುತ್ತಾರೆ. ಹೆದ್ದಾರಿ ಪಕ್ಕದ ಜಾಗಕ್ಕೆ ರೇಟು ಬಂದ ಮೇಲಂತೂ ಕೇಳಿಯೇ ಕೇಳುತ್ತಾರೆ, ಯಾಕೆ ಕೇಳಬಾರದು? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ, ಆಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಸೈ. ಹಾಗಾಗಿ ಅಕ್ಕತಂಗಿಯರ ಸಹಿಯನ್ನು ಸಾಕ್ಷಿಯ ಜಾಗದಲ್ಲಿ ಹಾಕಿಸಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದೋ ಅವರೂ ಮಾರುವವರಾಗಿ ಕ್ರಯಪತ್ರಕ್ಕೆ ಸಹಿ ಮಾಡಬೇಕು, ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು.

ಕಾರವಾರದಲ್ಲಿ ಜೂನಿಯರ್ ಆಗಿ ಸೇರಿದಾಗ ನನಗಿದ್ದದ್ದು ವಾದ ಮಾಡುವ ಹುಚ್ಚು. ಸೀನಿಯರ್ ಕಳಿಸಿದ್ದು ಸಬ್‌ರಿಜಿಸ್ಟ್ರಾರ್ ಆಫೀಸಿಗೆ. ಆಗ ಇಸಿ, ಅಂದರೆ ಜಾಗದ ಋಣಭಾರ ಪತ್ರ, ಬೇಕೆಂದರೆ ದಪ್ಪ ಇಂಡೆಕ್ಸ್ ಪುಸ್ತಕ ತಿರುವುವ ಕೆಲಸ, ಒಂದು ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಮಳೆಗಾಲದಲ್ಲಿ ಹಾಳೆಗೆ ಹಾಳೆ ಅಂಟಿರುತ್ತಿತ್ತು. ಈಗ 2004ರಿಂದೀಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕೂತಲ್ಲೇ ಸಿಗುತ್ತದೆ, ಒಳ್ಳೆಯದೇ. ಆದರೆ ಇಸಿ ಖಾಲಿ ಬಂತು ಅಂದರೆ ಜಾಗ ಕ್ಲಿಯರ್ ಅಂತ ಜನ ಸುಮ್ನೆ ನಂಬಿಬಿಡುತ್ತಾರೆ. ಅಲ್ಲಿ ಬರುವುದು ನೋಂದಣಿ ಆದದ್ದು ಮಾತ್ರ. ನೋಂದಣಿ ಮಾಡಿಸದ ಮರಣಶಾಸನ, ಬಾಯಿಮಾತಿನ ವಾಟ್ನಿ (ಪಾಲುಪಟ್ಟಿ), ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅಲ್ಲೆಲ್ಲಿ ಕಾಣಬೇಕು?

ಪಹಣಿಯದೂ ಅದೇ ಕಥೆ. ಎಲ್ಲರ ಕಣ್ಣು ಮಾಲೀಕರ ಹೆಸರಿನ 9ನೇ ಕಾಲಂ ಮೇಲೆ, ಹೆಸರು ಇದೆಯಲ್ವಾ ಅಂತ. ನಾನು 11ರಲ್ಲಿ ಸೊಸೈಟಿ ಸಾಲದ ಬೋಜಾ ಇದೆಯಾ ನೋಡಿ, 10ರಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಹಿಡಿದು ಹಿಂದೆ ಹಿಂದೆ ಹೋಗುತ್ತೇನೆ. ಅಂಕೋಲಾ, ಕುಮಟಾ ಕಡೆಯ ಗದ್ದೆಯಾದರೆ ಆ ದಾರಿ ಹೆಚ್ಚಾಗಿ ಭೂನ್ಯಾಯಮಂಡಳಿಯ ಆದೇಶಕ್ಕೆ ಹೋಗಿ ಮುಟ್ಟುತ್ತದೆ. ಭೂಸುಧಾರಣೆ ಕಾಯ್ದೆಯಡಿ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟರಲ್ಲ, ಎಷ್ಟೋ ಮನೆಗಳಲ್ಲಿ ಅರ್ಜಿ ಹಾಕಿದ್ದು ಹಿರಿಯಣ್ಣ ಒಬ್ಬನೇ. ಗದ್ದೆಗೆ ಇಳಿದದ್ದು ಎಲ್ಲ ತಮ್ಮಂದಿರೂ. ಪಹಣಿಯಲ್ಲಿ ಒಂದೇ ಹೆಸರು ಕೂತಿತು, ಈಗ ಅಣ್ಣನ ಮಗ ಮಾರಲು ಹೊರಟರೆ ಚಿಕ್ಕಪ್ಪನ ಮಕ್ಕಳು ತಡೆಯಾಜ್ಞೆ ತರುತ್ತಾರೆ. ಅದಕ್ಕೇ ನಾನು ಆದೇಶದ ಪ್ರತಿ ಒಂದರಿಂದ ತೃಪ್ತಿಪಡುವುದಿಲ್ಲ, ಅರ್ಜಿ, ಹೇಳಿಕೆ ಸಮೇತ ಇಡೀ ಫೈಲಿನ ನಕಲು ತರಿಸುತ್ತೇನೆ. ಹಿರಿಯಣ್ಣನೇ ಅಲ್ಲಿ "ತಂದೆಯ ಕಾಲದಿಂದ ಗೇಣಿ ಮಾಡುತ್ತಿದ್ದೇವೆ" ಎಂದಿದ್ದರೆ ಎಲ್ಲ ಪಾಲಿನವರನ್ನೂ ಕರೆಸದೆ ಮುಂದೆ ಹೋಗುವುದಿಲ್ಲ. ಮ್ಯುಟೇಶನ್ ಆದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಇದನ್ನು ಎಷ್ಟು ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ.

ಘಟ್ಟದ ಮೇಲೆ ತಾಪತ್ರಯವೇ ಬೇರೆ. 2020ರಲ್ಲಿ ಅದೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಹಾಗಾಗಿ ಶಿರಸಿ, ಸಿದ್ದಾಪುರದ ಕಡೆ ಬೆಂಗಳೂರಿನವರ ಓಡಾಟ ಜಾಸ್ತಿ. ಹೋಂಸ್ಟೇ ಮಾಡುವ ಉಮೇದಿನಲ್ಲಿ ಒಬ್ಬರು ಬಂದಿದ್ದರು, "ಹತ್ತು ಎಕರೆ ಸರ್, ತುಂಬಾ ಚೀಪ್" ಎನ್ನುತ್ತಾ. ಕಾಗದ ಬಿಚ್ಚಿದರೆ ಅಡಿಕೆ ತೋಟ ಒಂದೇ ಎಕರೆ. ಉಳಿದದ್ದು ಸೊಪ್ಪಿನ ಬೆಟ್ಟ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನುವುದು ನಮ್ಮಲ್ಲಿ ಹಳೆಯ ಲೆಕ್ಕ. ತೋಟಿಗರು ಅಲ್ಲಿ ಸೊಪ್ಪು ಕಡಿಯಬಹುದು, ದರಕು (ಒಣ ಎಲೆ) ಗುಡಿಸಬಹುದು. ನೆಲ ಮಾತ್ರ ಸರ್ಕಾರದ್ದು, ಕಾಟೇಜ್ ಕಟ್ಟುವ ಮಾತೇ ಇಲ್ಲ. ದಲ್ಲಾಳಿ ಇದನ್ನು ಬಾಯಿಬಿಟ್ಟಿರಲಿಲ್ಲ. ಸ್ಥಳಕ್ಕೆ ಕರೆದುಕೊಂಡು ಹೋಗಿ, ತೋಟದ ಅಗಳ (ಗಡಿಯ ಕಂದಕ) ಎಲ್ಲಿಗೆ ನಿಲ್ಲುತ್ತದೆ ಅಂತ ನಕ್ಷೆ ಹಿಡಿದು ತೋರಿಸಿದೆ. ಅವರು ಕೊಂಡರು ನಿಜ, ಆದರೆ ಒಂದು ಎಕರೆ ತೋಟದ ರೇಟಿಗೆ.